ಬಿ.ಪಿ. ಮಾತ್ರೆ ಹತ್ತೇ ದಿನಕ್ಕೆ ಯಾಕೆ? ದೊಡ್ಡ ಆಸ್ಪತ್ರೆ ಬಂದರೆ ಸರಿಹೋಗುತ್ತದೆಯೇ?

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯ. ನಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲೂ ಇದ್ದೇನೆ. ಕೇಂದ್ರದ ವ್ಯಾಪ್ತಿಯಲ್ಲಿ ಸುಮಾರು 30 ಸಾವಿರ ಜನ, ಆರು ಉಪಕೇಂದ್ರ, ಒಬ್ಬರೇ ಡಾಕ್ಟರು. ನನ್ನ ತಾಯಿಗೆ 62 ವರ್ಷ, ಬಿ.ಪಿ. ಇದೆ. ಹೋದಾಗೆಲ್ಲ ಹತ್ತು ದಿನದ ಮಾತ್ರೆ ಕೊಡುತ್ತಾರೆ. ಫೆಬ್ರುವರಿ, ಮಾರ್ಚ್ ಬಂತೆಂದರೆ ಅದೂ ಇಲ್ಲ. 'ಸ್ಟಾಕ್ ಬಂದಿಲ್ಲ, ಹೊರಗೆ ತಗೊಳ್ಳಿ' ಅನ್ನುತ್ತಾರೆ. ಹಾಗೆ ಮಾತ್ರೆ ಬಿಟ್ಟವರಲ್ಲಿ ನಮ್ಮ ಓಣಿಯ ಒಬ್ಬರಿಗೆ ಈ ವರ್ಷ ಲಕ್ವ ಹೊಡೆಯಿತು, ಐವತ್ತೂ ತುಂಬಿರಲಿಲ್ಲ. ಸರ್ಕಾರಿ ಮಾತ್ರೆಗೆ ಪವರ್ ಇಲ್ಲ ಎಂದು ಜನ ಬೇರೆ ಹೇಳುತ್ತಾರೆ. ಕೇಂದ್ರವನ್ನು 30 ಹಾಸಿಗೆಯ ಆಸ್ಪತ್ರೆ ಮಾಡಿಸಿ ಸ್ಪೆಷಲಿಸ್ಟ್ ತರಿಸಲು ಶಾಸಕರ ಹತ್ತಿರ ಹೋಗಬೇಕೆಂದಿದ್ದೇವೆ. ಅಲ್ಲಿಯವರೆಗೆ ತಿಂಗಳಿಗೊಂದು ತಪಾಸಣಾ ಶಿಬಿರ ಮಾಡೋಣ ಎನ್ನುವವರೂ ಇದ್ದಾರೆ. ಆಯುಷ್ಮಾನ್ ಕಾರ್ಡನ್ನಂತೂ ಬಹುತೇಕ ಎಲ್ಲರಿಗೂ ಮಾಡಿಸಿದ್ದೇವೆ. ನಾವು ಯಾವುದರ ಹಿಂದೆ ಬೀಳಬೇಕು?

ಉತ್ತರ: ಮೊದಲು ತಾಯಿಯವರ ವಿಷಯ. ಕೇಂದ್ರದಲ್ಲಿ ಸ್ಟಾಕ್ ಇಲ್ಲದ ದಿನಗಳಲ್ಲಿ ಅವರು ಮಾತ್ರೆ ನಿಲ್ಲಿಸಬಾರದು. ಚೀಟಿಯಲ್ಲಿರುವ ಔಷಧದ ಹೆಸರು, ಎಷ್ಟು ಎಂಜಿ ಎಂಬುದನ್ನು ನೋಡಿ ಅದನ್ನೇ ಜನೌಷಧಿ ಅಥವಾ ಮೆಡಿಕಲ್ ಅಂಗಡಿಯಿಂದ ತನ್ನಿ. ಕಂಪನಿ ಬೇರೆಯಾದರೆ ಚಿಂತೆಯಿಲ್ಲ, ಔಷಧ ಬೇರೆಯಾಗಬಾರದು. ಬಿ.ಪಿ. ನಾರ್ಮಲ್ ಬಂದಿದೆ ಎಂದು ತಾವಾಗಿಯೇ ಬಿಡುವುದೂ ಬೇಡ. ನಾರ್ಮಲ್ ಬಂದಿರುವುದೇ ಮಾತ್ರೆಯಿಂದ. ಮುಖ ಒಂದು ಕಡೆ ವಾಲಿದರೆ, ಒಂದು ಕೈ ಅಥವಾ ಕಾಲಿನ ಬಲ ಹೋದರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದೊಯ್ಯಲು ಹೇಳಿ. ರಕ್ತನಾಳದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೆಲಸ ಮಾಡುವುದು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ. ಆ ಹೊತ್ತು ಊರಿನ ನಾಟಿ ಔಷಧಕ್ಕೆ ಹೋಗಿಬಿಟ್ಟರೆ ಮತ್ತೆ ಸಿಗುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನೀವು ಕೇಳಿರುವುದು ಆಸ್ಪತ್ರೆ, ಶಿಬಿರ, ಕಾರ್ಡ್ ಬಗ್ಗೆ. ನಿಮ್ಮೂರಿನ ತೊಂದರೆ ಇರುವುದು ಅವು ಮೂರರಲ್ಲೂ ಅಲ್ಲ, ಔಷಧದ ಇಂಡೆಂಟ್, ಅಂದರೆ ಯಾವ ಮಾತ್ರೆ ಎಷ್ಟು ಬೇಕೆಂದು ಕೇಂದ್ರದವರು ಬರೆದು ಕಳಿಸುವ ಬೇಡಿಕೆಯ ಕಾಗದದಲ್ಲಿ ಎಂಬುದು ನನ್ನ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ನಕ್ಷೆ ದೇಶದ ಆರೋಗ್ಯ ಸೇವೆ ಹೇಗಿರಬೇಕೆಂದು ಹೇಳಿದ 1946ರ ಭೋರ್ ಸಮಿತಿಯ ವರದಿಯಿಂದ ಬಂದದ್ದು. ಹೆರಿಗೆ, ಲಸಿಕೆ, ಮಲೇರಿಯಾ, ವಾಂತಿಭೇದಿ: ಅಂದಿನ ಕಾಯಿಲೆಗಳು ಇವು. ರೋಗಿ ಬರುತ್ತಾನೆ, ಮೂರು ದಿನವೋ ಐದು ದಿನವೋ ಮಾತ್ರೆ, ವಾಸಿಯಾಗುತ್ತದೆ, ಪುಸ್ತಕ ಮುಚ್ಚಿತು. 1990ರಲ್ಲಿ ಭಾರತದ ಒಟ್ಟು ರೋಗಭಾರದಲ್ಲಿ (ಕಾಯಿಲೆ, ಅಕಾಲ ಸಾವುಗಳಿಂದ ಜನ ಕಳೆದುಕೊಳ್ಳುವ ಆರೋಗ್ಯವಂತ ವರ್ಷಗಳ ಲೆಕ್ಕ) ಹೃದ್ರೋಗ, ಸಕ್ಕರೆ ಕಾಯಿಲೆ, ಕ್ಯಾನ್ಸರ್‌ನಂಥ ಸಾಂಕ್ರಾಮಿಕವಲ್ಲದ ಕಾಯಿಲೆಗಳ ಪಾಲು ಸುಮಾರು ಶೇ 30 ಇತ್ತು. 2016ರ ಹೊತ್ತಿಗೆ ಶೇ 55 ಆಯಿತು. ಕಾಯಿಲೆ ಬದಲಾಯಿತು, ಕಿಟಕಿಯಲ್ಲಿ ಮಾತ್ರೆ ಕೊಡುವ ಪದ್ಧತಿ ಮಾತ್ರ ಜ್ವರದ ಕಾಲದ್ದೇ ಉಳಿಯಿತು. ಹತ್ತು ದಿನದ ಮಾತ್ರೆ ಎಂಬುದು ಆ ಪದ್ಧತಿಯ ಪಳೆಯುಳಿಕೆ. ಅದರ ಜೊತೆಗೆ ಫಾರ್ಮಸಿಸ್ಟ್‌ಗೆ ಇರುವ ಭಯವೂ ಸೇರಿದೆ: ಇವತ್ತು ಒಬ್ಬರಿಗೆ ಮೂವತ್ತು ಕೊಟ್ಟರೆ ನಾಳೆ ಬರುವ ಇಬ್ಬರಿಗೆ ಇಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಹಂಚುತ್ತಾರೆ.

ಈಗ ಲೆಕ್ಕ ಹಾಕೋಣ. ನಿಮ್ಮ ಕೇಂದ್ರದಲ್ಲಿ 900 ಬಿ.ಪಿ. ರೋಗಿಗಳ ಹೆಸರು ನೋಂದಣಿಯಾಗಿದೆ ಎಂದುಕೊಳ್ಳಿ. ಬಿ.ಪಿ. ಇಳಿಸುವ ಅಮ್ಲೋಡಿಪಿನ್ 5 ಎಂಜಿ ಮಾತ್ರೆ ದಿನಕ್ಕೊಂದು ಎಂದರೆ ತಿಂಗಳಿಗೆ 27,000, ವರ್ಷಕ್ಕೆ 3,24,000 ಮಾತ್ರೆ ಬೇಕು. ಆದರೆ ಕೊಡುತ್ತಿರುವುದು ತಿಂಗಳಿಗೆ ತಲಾ ಹತ್ತು, ಅಂದರೆ 9,000. ಹತ್ತು ತಿಂಗಳಲ್ಲಿ 90,000 ಖರ್ಚಾಗಿ ಸ್ಟಾಕ್ ಮುಗಿಯಿತು, ಕೊನೆಯ ಎರಡು ತಿಂಗಳು ಖಾಲಿ. ಮುಂದಿನ ವರ್ಷದ ಇಂಡೆಂಟ್ ಹಾಕುವಾಗ 'ಕಳೆದ ವರ್ಷದ ಬಳಕೆ' ಎಂಬ ಕಾಲಂನಲ್ಲಿ ಬೀಳುವುದು 90,000. ಅದಕ್ಕೆ ಶೇ 10 ಸೇರಿಸಿ 99,000 ಕೇಳುತ್ತಾರೆ. ಬೇಕಿರುವುದರಲ್ಲಿ ಮೂರನೇ ಒಂದು ಪಾಲೂ ಇಲ್ಲ. ಖಾಲಿಯಿದ್ದ ಎರಡು ತಿಂಗಳು ಕಾಗದದಲ್ಲಿ 'ಬೇಡಿಕೆ ಇರಲಿಲ್ಲ' ಎಂದೇ ಓದಿಕೊಳ್ಳುತ್ತದೆ. ವರ್ಷದಿಂದ ವರ್ಷಕ್ಕೆ ಇದೇ ಸುತ್ತು. ಇಲ್ಲಿ ಯಾರೂ ಕಳ್ಳತನ ಮಾಡಬೇಕಿಲ್ಲ, ಯಾರೂ ಸೋಮಾರಿಯಾಗಬೇಕಿಲ್ಲ. ಎಲ್ಲರೂ ನಿಯಮದಂತೆ ನಡೆದರೂ ಮಾತ್ರೆ ಮುಗಿಯುತ್ತದೆ.

ಆದ್ದರಿಂದ ಇಂಡೆಂಟ್ ಹೋದ ವರ್ಷದ ಬಳಕೆಯ ಮೇಲಲ್ಲ, ನೋಂದಾಯಿತ ರೋಗಿಗಳ ಸಂಖ್ಯೆಯ ಮೇಲೆ ನಿಲ್ಲಬೇಕು. ರೋಗಿಗಳ ಸಂಖ್ಯೆಯನ್ನು 30ರಿಂದ ಗುಣಿಸಿ, ತಿಂಗಳುಗಳಿಂದ ಗುಣಿಸಿ, ಹೊಸದಾಗಿ ಸೇರುವವರ ಅಂದಾಜು ಕೂಡಿಸಿ, ಅದರ ಮೇಲೆ ಮೂರು ತಿಂಗಳ ಕಾಪು ದಾಸ್ತಾನು ಇಡಬೇಕು. ಎರಡನೇ ಮಾತ್ರೆಯನ್ನೂ ಮರೆಯುವಂತಿಲ್ಲ. ಮೊದಲ ಮಾತ್ರೆಯೊಂದರಿಂದಲೇ ಎಲ್ಲರ ಬಿ.ಪಿ. ಇಳಿಯುವುದಿಲ್ಲ. ನೂರರಲ್ಲಿ ನಲವತ್ತು ಮಂದಿಗೆ ಟೆಲ್ಮಿಸಾರ್ಟನ್ 40 ಎಂಜಿ ಸೇರಿಸಬೇಕಾಗುತ್ತದೆ ಎಂದು ಹಿಡಿದರೆ 360 ಮಂದಿ, ತಿಂಗಳಿಗೆ 10,800 ಮಾತ್ರೆ. ಅಮ್ಲೋಡಿಪಿನ್ ತುಂಬಿ ತುಳುಕುತ್ತಿದ್ದು ಟೆಲ್ಮಿಸಾರ್ಟನ್ ಇಲ್ಲದ ಕೇಂದ್ರಗಳಲ್ಲಿ ಆಗುವುದೇನೆಂದರೆ, ಬಿ.ಪಿ. 160 ಇದ್ದರೂ ವೈದ್ಯರು ಹಳೇ ಚೀಟಿಯನ್ನೇ ಮುಂದುವರಿಸುತ್ತಾರೆ. ರೋಗಿ ಮಾತ್ರೆ ನುಂಗುತ್ತಲೇ ಇರುತ್ತಾರೆ, ಲಕ್ವದ ಅಪಾಯವೂ ಇದ್ದೇ ಇರುತ್ತದೆ.

ನೆರೆಯ ತಮಿಳುನಾಡು ಇದನ್ನು ಬೇಗ ಹಿಡಿದುಕೊಂಡಿತು. 1990ರ ದಶಕದ ಮಧ್ಯದಲ್ಲಿ ಅಲ್ಲಿ ಔಷಧಕ್ಕೆಂದೇ ಪ್ರತ್ಯೇಕ ನಿಗಮ ಮಾಡಿ, ಪ್ರತಿ ಆಸ್ಪತ್ರೆಗೂ ಪಾಸ್‌ಬುಕ್ ಕೊಟ್ಟರು. ಆಸ್ಪತ್ರೆಯ ಪಾಲಿನ ಹಣ ಅದರಲ್ಲಿ ನಮೂದಾಗಿರುತ್ತದೆ, ಜಿಲ್ಲಾ ಉಗ್ರಾಣದಿಂದ ಬೇಕಾದಾಗ ಬೇಕಾದಷ್ಟು ಎತ್ತಿಕೊಳ್ಳಬಹುದು. ನಮ್ಮಲ್ಲೂ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಇದೆ, ಜಿಲ್ಲಾ ಉಗ್ರಾಣಗಳಿವೆ. ಆದರೆ ಕೇಂದ್ರದವರು ಕೇಳಿದ ಸಂಖ್ಯೆಯೇ ತಪ್ಪಿದ್ದರೆ ಉಗ್ರಾಣ ಸರಿಮಾಡಲಾರದು.

'ಪವರ್ ಇಲ್ಲ' ಎಂಬ ಮಾತಿಗೆ ಬರೋಣ. ಇದರಲ್ಲಿ ಮೂರು ಬೇರೆ ಬೇರೆ ಸಂಗತಿ ಬೆರೆತಿವೆ. ಒಂದು, ಅಮ್ಲೋಡಿಪಿನ್ ನಿಧಾನದ ಔಷಧ. ಪೂರ್ತಿ ಪರಿಣಾಮ ಕಾಣಲು ವಾರಗಳೇ ಬೇಕು. ಮೂರನೇ ದಿನ ಅಳೆಸಿ ಇಳಿದಿಲ್ಲ ಎನ್ನುವುದರಲ್ಲಿ ಅರ್ಥವಿಲ್ಲ. ಎರಡು, ತಿಂಗಳಲ್ಲಿ ಹತ್ತು ದಿನ ನುಂಗಿ ಇಪ್ಪತ್ತು ದಿನ ಬಿಟ್ಟರೆ ಯಾವ ಕಂಪನಿಯ ಮಾತ್ರೆಗೂ ಪವರ್ ಇರುವುದಿಲ್ಲ. ಮೂರು, ಗುಣಮಟ್ಟದ ಅನುಮಾನ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. 2024ರಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸಾವು ಸಂಭವಿಸಿದಾಗ ಐ.ವಿ. ದ್ರಾವಣದ ಗುಣಮಟ್ಟದ ಬಗ್ಗೆ ಎದ್ದ ಪ್ರಶ್ನೆಯನ್ನು ಜನ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಇದಕ್ಕೆ ಉತ್ತರ ಪ್ರತಿ ಬ್ಯಾಚ್‌ನ ಪರೀಕ್ಷೆ. ಸಮಿತಿ ಸದಸ್ಯರಾಗಿ ನೀವು ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ, ಮಾತ್ರೆಗಳನ್ನು ಎಲ್ಲಿಟ್ಟಿದ್ದಾರೆ ಎಂಬುದನ್ನು ನೋಡಬಹುದು. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಸೂರಿನ ಕೆಳಗೆ ಪೆಟ್ಟಿಗೆ ಪೇರಿಸಿದ್ದರೆ ಅದು ತಕ್ಷಣ ಬದಲಾಗಬೇಕಾದ ವಿಷಯ. ಬರಿಯ ಬೆಲೆ ಕಡಿಮೆ ಎಂಬುದು ಮಾತ್ರ ಅನುಮಾನಕ್ಕೆ ಕಾರಣವಲ್ಲ. ಸಗಟು ಟೆಂಡರಿನಲ್ಲಿ ಅಮ್ಲೋಡಿಪಿನ್ ಪೈಸೆ ಲೆಕ್ಕದಲ್ಲೇ ಸಿಗುವ ಔಷಧ.

30 ಹಾಸಿಗೆಯ ಆಸ್ಪತ್ರೆ ಬೇಡವೆನ್ನುವುದಿಲ್ಲ. ಹೆರಿಗೆಗೆ, ಅಪಘಾತಕ್ಕೆ, ಹಾವು ಕಡಿತಕ್ಕೆ ಅದು ಬೇಕು. ಬಿ.ಪಿ.ಗೆ ಬೇಕಿಲ್ಲ. ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ, ಅಂದರೆ ನೀವು ಕೇಳುತ್ತಿರುವಂಥ 30 ಹಾಸಿಗೆಯ ಆಸ್ಪತ್ರೆಗಳಲ್ಲಿ, ತಜ್ಞ ವೈದ್ಯರ ಕೊರತೆ ಸುಮಾರು ಶೇ 80 ಎಂದು ಸರ್ಕಾರದ ಅಂಕಿಅಂಶಗಳೇ ಹೇಳುತ್ತವೆ. ಕಟ್ಟಡ ಏಳಲು ವರ್ಷಗಳು, ಹುದ್ದೆ ಮಂಜೂರಾಗಲು ಇನ್ನಷ್ಟು, ಮಂಜೂರಾದ ಹುದ್ದೆಗೆ ಫಿಜಿಷಿಯನ್ ಬಂದು ನಿಲ್ಲುವುದು ಅನುಮಾನ. ಬಂದರೂ ತಿಂಗಳ ಮಾತ್ರೆ ಬರೆಯಲು ಫಿಜಿಷಿಯನ್ ಬೇಕಿಲ್ಲ. ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಎಂಬ ಕಾರ್ಯಕ್ರಮ 2017ರ ನವೆಂಬರಿನಲ್ಲಿ ಪಂಜಾಬ್, ಕೇರಳ, ಮಧ್ಯಪ್ರದೇಶ, ತೆಲಂಗಾಣ, ಮಹಾರಾಷ್ಟ್ರಗಳ ಕೆಲವು ಜಿಲ್ಲೆಗಳಲ್ಲಿ ಶುರುವಾಯಿತು. ಅಲ್ಲಿ ಕಂಡದ್ದು ಇದು: ಬಿ.ಪಿ. ಹತೋಟಿ ದೊಡ್ಡ ಆಸ್ಪತ್ರೆಗಳಿಗಿಂತ ಮನೆ ಹತ್ತಿರದ ಸಣ್ಣ ಕೇಂದ್ರಗಳಲ್ಲೇ ಚೆನ್ನಾಗಿತ್ತು. ಕಾರಣ ಸರಳ, ಹತ್ತಿರವಿದ್ದರೆ ಜನ ಮತ್ತೆ ಬರುತ್ತಾರೆ.

ಕಾರ್ಡಿನ ಬಗ್ಗೆಯೂ ಇರುವುದನ್ನು ಇದ್ದಂತೆ ಹೇಳಬೇಕು. ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಂತೆ 1.5 ಲಕ್ಷದವರೆಗೆ ಸಿಗುತ್ತದೆ. ಸಿಗುವುದು ದಾಖಲಾದರೆ. ಲಕ್ವ ಹೊಡೆದ ಮೇಲೆ ಕಾರ್ಡ್ ಕೆಲಸಕ್ಕೆ ಬರುತ್ತದೆ, ಹೊಡೆಯದಂತೆ ತಡೆಯುವ ದಿನದ ಮಾತ್ರೆಗೆ ಬರುವುದಿಲ್ಲ.

ಶಿಬಿರದ ಮೇಲೆ ನನಗೆ ಹೆಚ್ಚು ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಶಾಮಿಯಾನ, ಫೋಟೊ, ಮುನ್ನೂರು ಜನರ ಬಿ.ಪಿ. ಅಳತೆ, ಎಪ್ಪತ್ತು ಜನಕ್ಕೆ 'ನಿಮಗೆ ಬಿ.ಪಿ. ಇದೆ' ಎಂಬ ಸುದ್ದಿ, ಸಂಜೆ ಎಲ್ಲ ಖಾಲಿ. ಆ ಎಪ್ಪತ್ತರಲ್ಲಿ ಎಷ್ಟು ಮಂದಿ ಕೇಂದ್ರಕ್ಕೆ ಬಂದರು, ಆರು ತಿಂಗಳ ನಂತರ ಎಷ್ಟು ಮಂದಿ ಮಾತ್ರೆಯಲ್ಲಿದ್ದಾರೆ ಎಂಬ ಪುಸ್ತಕ ಯಾರ ಬಳಿಯೂ ಇರುವುದಿಲ್ಲ. ಅಳತೆಯೂ ಸರಿ ಬರುವುದಿಲ್ಲ. ಸಾಲಿನಲ್ಲಿ ನಿಂತು, ಚಹಾ ಕುಡಿದು, ಪಕ್ಕದವರೊಡನೆ ಮಾತಾಡುತ್ತ ಅಳೆಸಿಕೊಂಡರೆ ಬಿ.ಪಿ.ಯ ಮೇಲಿನ ಸಂಖ್ಯೆ ಹತ್ತು ಅಂಕ ಏರಿಬಿಡಬಹುದು. ಮೂತ್ರ ತಡೆದುಕೊಂಡಿದ್ದರೂ, ತೋಳಿಗೆ ಆಸರೆ ಇಲ್ಲದಿದ್ದರೂ ಅಷ್ಟೇ. ಸರಿಯಾದ ಕ್ರಮವೆಂದರೆ ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೂ ಪಾದಕ್ಕೂ ಆಸರೆ ಕೊಟ್ಟು, ಬರಿ ತೋಳಿಗೆ ಅಳತೆಗೆ ತಕ್ಕ ಪಟ್ಟಿ ಕಟ್ಟಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಎರಡು ಸಲ ಅಳೆಯುವುದು. ತೀರಾ ಹೆಚ್ಚಿಲ್ಲದಿದ್ದರೆ ಇನ್ನೊಂದು ದಿನ ಮತ್ತೆ ಅಳೆದೇ ಬಿ.ಪಿ. ಎಂದು ತೀರ್ಮಾನಿಸಬೇಕು. ಶಿಬಿರ ಮಾಡಲೇಬೇಕಿದ್ದರೆ, ಅದೇ ದಿನ ರೋಗಿಯ ಚಿಕಿತ್ಸೆಯ ಕಾರ್ಡ್ ಬರೆದು ಮುಂದಿನ ತಾರೀಕು ಕೊಟ್ಟು ಕಳಿಸುವುದಾದರೆ ಮಾತ್ರ ಮಾಡಿ.

ಹಾಗಾದರೆ ಮಾಡಬೇಕಾದದ್ದೇನು? ಇಲ್ಲಿ ಇನ್ನೊಂದು ಲೆಕ್ಕ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ದಾಟಿದ ಹೆಂಗಸರಲ್ಲಿ ಶೇ 21, ಗಂಡಸರಲ್ಲಿ ಶೇ 24 ಮಂದಿಗೆ ಅಧಿಕ ರಕ್ತದೊತ್ತಡ ಇದೆ ಅಥವಾ ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. 30 ಸಾವಿರ ಜನಸಂಖ್ಯೆಯಲ್ಲಿ 15 ದಾಟಿದವರು ಸುಮಾರು 22,500 ಎಂದರೆ, ನಿಮ್ಮ ವ್ಯಾಪ್ತಿಯಲ್ಲಿ ಸುಮಾರು 5,000 ಮಂದಿ. ಎಲ್ಲರೂ ತಿಂಗಳಿಗೊಮ್ಮೆ ಕೇಂದ್ರಕ್ಕೆ ಬಂದರೆ, 25 ಕೆಲಸದ ದಿನಗಳಲ್ಲಿ ದಿನಕ್ಕೆ 200 ಬಿ.ಪಿ. ರೋಗಿಗಳು. ಒಬ್ಬ ಡಾಕ್ಟರಿಗೆ ಅಸಾಧ್ಯ, ಇಬ್ಬರಾದರೂ ಕಷ್ಟ. ಅದೇ ಕೆಲಸವನ್ನು ಆರು ಉಪಕೇಂದ್ರಗಳಿಗೆ ಹಂಚಿದರೆ ಒಂದೊಂದಕ್ಕೆ ದಿನಕ್ಕೆ 33. ಪ್ರತಿ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ (ಡಾಕ್ಟರಲ್ಲ, ತರಬೇತಿ ಪಡೆದ ಆರೋಗ್ಯ ಸಿಬ್ಬಂದಿ) ಇದ್ದರೆ ಅವರು ಬಿ.ಪಿ. ಅಳೆದು, ವೈದ್ಯರು ಬರೆದ ಮಾತ್ರೆಯನ್ನೇ 30 ದಿನಕ್ಕೆ ಕೊಟ್ಟು, ಕಾರ್ಡಿನಲ್ಲಿ ಬರೆದು, ಮುಂದಿನ ತಾರೀಕು ಹೇಳಬಹುದು. 140/90ಕ್ಕಿಂತ ಕೆಳಗೆ ಬಾರದವರು, ಹೊಸಬರು, ಕಾಲು ಊದಿಕೊಂಡವರು, ಗರ್ಭಿಣಿಯರು ವೈದ್ಯರ ಬಳಿ ಹೋಗಬೇಕು. ಗರ್ಭ ಧರಿಸುವ ಸಾಧ್ಯತೆ ಇರುವವರಿಗೆ ಟೆಲ್ಮಿಸಾರ್ಟನ್ ಕೊಡುವಂತಿಲ್ಲ, ಇದನ್ನು ಉಪಕೇಂದ್ರದ ಗೋಡೆಯ ಮೇಲೇ ಬರೆಸಬೇಕು.

ವೈದ್ಯರು ಬದಲಾದಾಗೆಲ್ಲ ಮಾತ್ರೆಯೂ ಬದಲಾಗದಂತೆ ಒಂದೇ ಚಿಕಿತ್ಸಾ ಕ್ರಮ ಇರಬೇಕು: ಮೊದಲು ಅಮ್ಲೋಡಿಪಿನ್ 5, ತಿಂಗಳ ಬಳಿಕ ಇಳಿಯದಿದ್ದರೆ ಟೆಲ್ಮಿಸಾರ್ಟನ್ 40, ಆಮೇಲೆ ಪ್ರಮಾಣ ಹೆಚ್ಚಳ, ಕೊನೆಗೆ ಕ್ಲೋರ್ಥಾಲಿಡೋನ್ 12.5. ರಾಜ್ಯಗಳ ನಡುವೆ ಸಣ್ಣಪುಟ್ಟ ವ್ಯತ್ಯಾಸವಿದೆ, ಆದರೆ ಎರಡು ಮೂರೇ ಔಷಧಗಳಲ್ಲಿ ನಿಲ್ಲಿಸಿದರೆ ಮಾತ್ರ ಇಂಡೆಂಟೂ ಸರಳ, ದಾಸ್ತಾನೂ ಸರಳ. ಇಪ್ಪತ್ತು ಬಗೆಯ ಬಿ.ಪಿ. ಮಾತ್ರೆ ಇರುವ ಕೇಂದ್ರದಲ್ಲಿ ಯಾವುದೂ ಸಾಕಷ್ಟು ಇರುವುದಿಲ್ಲ.

30 ದಿನದ ಮಾತ್ರೆಯಿಂದ ರೋಗಿಗೆ ಆಗುವ ಲಾಭ ದೊಡ್ಡದು. ಹತ್ತು ದಿನಕ್ಕೊಮ್ಮೆ ಎಂದರೆ ವರ್ಷಕ್ಕೆ 36 ಸಲ ಓಡಾಟ. ತಿಂಗಳಿಗೊಮ್ಮೆ ಎಂದರೆ 12. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜ್ ಉಳಿದಿದೆ, ದಿನದ ಕೂಲಿ ಉಳಿದಿಲ್ಲ. ಗಂಡಸರು ಮಾತ್ರೆ ಬಿಡುವುದು ಹೆಚ್ಚು ಇದೇ ಕಾರಣಕ್ಕೆ.

ಇದರಲ್ಲೂ ಎಡವುವ ಜಾಗಗಳಿವೆ. ಇಂಡೆಂಟ್ ಸರಿಪಡಿಸದೆ 30 ದಿನ ಕೊಡಲು ಶುರುಮಾಡಿದರೆ ಹತ್ತು ತಿಂಗಳಿಗೆ ಮುಗಿಯುತ್ತಿದ್ದ ಸ್ಟಾಕ್ ಮೂರು ತಿಂಗಳು ಹತ್ತು ದಿನಕ್ಕೇ ಮುಗಿಯುತ್ತದೆ, ಬೈಗುಳ ನಿಮ್ಮ ಸಮಿತಿಗೇ. ಸಮುದಾಯ ಆರೋಗ್ಯ ಅಧಿಕಾರಿಯನ್ನು ದಿನವಿಡೀ ಆ್ಯಪ್ ತುಂಬಿಸಲು, ಸಭೆಗೆ, ಸಮೀಕ್ಷೆಗೆ ಓಡಿಸಿದರೆ ಉಪಕೇಂದ್ರಕ್ಕೆ ಬೀಗ. ಎರಡು ಸಲ ಬೀಗ ಕಂಡ ರೋಗಿ ಮೂರನೇ ಸಲ ಬರುವುದಿಲ್ಲ. ಬಿ.ಪಿ. ಯಂತ್ರದ ಬ್ಯಾಟರಿ, ದೊಡ್ಡ ತೋಳಿನ ಪಟ್ಟಿ, ಸಕ್ಕರೆ ಪರೀಕ್ಷೆಯ ಸ್ಟ್ರಿಪ್: ಕೆಲಸ ನಿಲ್ಲಿಸುವುದು ಇಂಥ ಸಣ್ಣ ಸಾಮಾನುಗಳೇ. ಸ್ಟ್ರಿಪ್ಪಂತೂ ಆಯಾ ಕಂಪನಿಯ ಯಂತ್ರಕ್ಕೆ ಮಾತ್ರ ಹೊಂದುತ್ತದೆ. ಟೆಂಡರ್ ಬದಲಾಗಿ ಬೇರೆ ಕಂಪನಿಯ ಸ್ಟ್ರಿಪ್ ಬಂದರೆ ಯಂತ್ರವೂ ಇದೆ, ಸ್ಟ್ರಿಪ್ಪೂ ಇದೆ, ಪರೀಕ್ಷೆ ಮಾತ್ರ ಇಲ್ಲ. ಆಶಾ ಕಾರ್ಯಕರ್ತೆಯರ ಮೇಲೆ ಎಲ್ಲ ಹೊರಿಸುವುದು ಇನ್ನೊಂದು ಚಾಳಿ. ತಾರೀಕು ತಪ್ಪಿಸಿದವರ ಮನೆಗೆ ಹೋಗಿ ಬನ್ನಿ ಎನ್ನುವುದು ಸುಲಭ. ಅದಕ್ಕೆ ಪ್ರತ್ಯೇಕ ಪ್ರೋತ್ಸಾಹಧನ ಇಲ್ಲದಿದ್ದರೆ ಆ ಕೆಲಸ ಎರಡು ತಿಂಗಳಲ್ಲಿ ನಿಲ್ಲುತ್ತದೆ.

ಮನೆಗೇ ಮಾತ್ರೆ ತಲುಪಿಸುವ ದಾರಿಯೂ ಇದೆ. ತಮಿಳುನಾಡು 2021ರ ಆಗಸ್ಟಿನಲ್ಲಿ ಕೃಷ್ಣಗಿರಿ ಜಿಲ್ಲೆಯಿಂದ ಶುರುಮಾಡಿದ ಯೋಜನೆಯಲ್ಲಿ ಮಹಿಳಾ ಸ್ವಯಂಸೇವಕಿಯರು ಬಿ.ಪಿ., ಸಕ್ಕರೆ ಮಾತ್ರೆಗಳನ್ನು ಬಾಗಿಲಿಗೆ ಮುಟ್ಟಿಸುತ್ತಾರೆ. ನಮ್ಮಲ್ಲೂ 2024ರಲ್ಲಿ ಕೋಲಾರದಿಂದ ಗೃಹ ಆರೋಗ್ಯ ಯೋಜನೆ ಆರಂಭವಾಯಿತು. ಹಾಸಿಗೆ ಹಿಡಿದವರಿಗೆ, ವಯಸ್ಸಾದವರಿಗೆ ಇದು ಬಹಳ ಒಳ್ಳೆಯದು. ದುಡಿಯುವವರಿಗೆ ನಾನಾದರೆ ಉಪಕೇಂದ್ರವನ್ನೇ ಆರಿಸುತ್ತೇನೆ, ವಾರದಲ್ಲಿ ಒಂದು ದಿನ ಸಂಜೆ ಏಳರವರೆಗೆ ತೆರೆದಿಟ್ಟು. ಹೊಲಕ್ಕೆ ಹೋದವರ ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲ.

ಶಾಸಕರ ಹತ್ತಿರ ಹೋಗುವ ಮೊದಲು ಮುಂದಿನ ಸಮಿತಿ ಸಭೆಯಲ್ಲಿ ವೈದ್ಯಾಧಿಕಾರಿಗಳನ್ನು ಕೆಲವು ಸಂಖ್ಯೆ ಕೇಳಿ. ದೋಷಾರೋಪದ ದನಿ ಬೇಡ, ಅವರೂ ಇದೇ ಇಕ್ಕಟ್ಟಿನಲ್ಲಿದ್ದಾರೆ. ಆರು ತಿಂಗಳ ಹಿಂದೆಯೇ ನೋಂದಣಿಯಾದವರು ಎಷ್ಟು? ಕಳೆದ ಮೂರು ತಿಂಗಳಲ್ಲಿ ಅವರಲ್ಲಿ ಎಷ್ಟು ಮಂದಿ ಬಂದರು? ಕೊನೆಯ ಸಲ ಎಷ್ಟು ಮಂದಿಯ ಬಿ.ಪಿ. 140/90ರೊಳಗಿತ್ತು? ಇಂದು ಅಮ್ಲೋಡಿಪಿನ್, ಟೆಲ್ಮಿಸಾರ್ಟನ್ ಎಷ್ಟು ದಿನಕ್ಕಾಗುವಷ್ಟಿದೆ? ಉತ್ತರ ಬಂದಾಗ ಭಾಗಿಸುವುದರಲ್ಲಿ ಮೋಸಹೋಗಬೇಡಿ. 900 ನೋಂದಣಿ, 400 ಮಂದಿ ಬಂದರು, 260 ಮಂದಿ ಹತೋಟಿಯಲ್ಲಿ ಎಂದಿಟ್ಟುಕೊಳ್ಳಿ. 260ನ್ನು 400ರಿಂದ ಭಾಗಿಸಿದರೆ ಶೇ 65, ಕೇಳಲು ಚೆನ್ನ. 900ರಿಂದ ಭಾಗಿಸಿದರೆ ಶೇ 29. ಎರಡನೆಯದೇ ನಿಮ್ಮ ಕೇಂದ್ರದ ಅಂಕ, ಏಕೆಂದರೆ ಬಾರದ 500 ಮಂದಿಯಲ್ಲೇ ಮುಂದಿನ ಲಕ್ವ ಇದೆ. ಸ್ಕ್ರೀನಿಂಗ್ ಎಷ್ಟಾಯಿತು ಎಂಬ ಸಂಖ್ಯೆ ಕೊಟ್ಟರೆ ವಿನಯವಾಗಿ ಪಕ್ಕಕ್ಕಿಡಿ.

ಆ ಸಂಖ್ಯೆಗಳನ್ನು ಠರಾವಿನಲ್ಲಿ ಬರೆಸಿ, ರೋಗಿಗಳ ಲೆಕ್ಕದ ಹೊಸ ಇಂಡೆಂಟನ್ನು ಅದರ ಜೊತೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೂ ಜಿಲ್ಲಾ ಉಗ್ರಾಣಕ್ಕೂ ಕಳಿಸಿ. ವಾರ್ಷಿಕ ಇಂಡೆಂಟಿನ ಗಡುವು ಯಾವಾಗ ಎಂದು ಮೊದಲೇ ಕೇಳಿಕೊಳ್ಳಿ, ಅದು ತಪ್ಪಿದರೆ ಇಡೀ ವರ್ಷ ಹೋಯಿತು. ನಡುವೆ ಖಾಲಿಯಾದರೆ ಸ್ಥಳೀಯವಾಗಿ ಕೊಳ್ಳಲು ಅನಿರ್ಬಂಧಿತ ಅನುದಾನವಿದೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಅಡಿ ವರ್ಷಕ್ಕೆ 1.75 ಲಕ್ಷದವರೆಗೆ. ಆದರೆ ಎರಡು ತಿಂಗಳಿಗೆ ಬೇಕಾದ 54,000 ಮಾತ್ರೆಯನ್ನು ಅಂಗಡಿ ದರ ಎರಡೂವರೆ ರೂಪಾಯಿಯಂತೆ ಕೊಂಡರೆ 1.35 ಲಕ್ಷ ಅಲ್ಲಿಗೇ ಮುಗಿಯಿತು. ಟೆಂಡರ್ ದರ 25 ಪೈಸೆ ಎಂದು ಹಿಡಿದರೆ ಅಷ್ಟೇ ಮಾತ್ರೆಗೆ 13,500. ಆದ್ದರಿಂದ ಮೊದಲು ಉಗ್ರಾಣ, ನಂತರ ಹೆಚ್ಚು ದಾಸ್ತಾನಿರುವ ಪಕ್ಕದ ಕೇಂದ್ರದಿಂದ ವರ್ಗಾವಣೆ, ಅದೂ ಆಗದಿದ್ದರೆ ಮಾತ್ರ ಖರೀದಿ. ಖರೀದಿಸಿದರೆ ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಇರಲಿ.